ರಸ್ತೆ ಉಬ್ಬು ಮಹನೀಯರ ಸನ್ನಿಧಿಗೆ

ಮಹಾರಾಜರಾಜಶ್ರೀ ಹಂಪ್ಸ್ ಮಹನೀಯರಿಗೆ,

ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಬೆಂಗಳೂರಿನ ಕೆಂಗೇರಿಯಿಂದ ಉಲ್ಲಾಳು, ಸುಂಕದಕಟ್ಟೆ ಹಾದು ಪೀಣ್ಯಕ್ಕೆ ದಿನಾ ಕೆಲಸಕ್ಕೆ ಹೋಗುವ ನನ್ನಂಥವರು ತಮ್ಮ ಮುಂದೆ ತಗ್ಗಿ ಬಗ್ಗಿಯೇ ಮುಂದೆ ಸಾಗಬೇಕು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಈ ಸೇವೆ ಕೈಗೆಟುಕದಾಗಿದೆ. ಆದ್ದರಿಂದ ಈ ಬಿನ್ನಹ.

ಶಾಲೆಯ ಗೇಟಿನ ಮುಂದೆ, ಆಸ್ಪತ್ರೆಯ ತಿರುವಿನಲ್ಲಿ ಮಲಗಿರುವ ತಮ್ಮ ಬಳಗದವರಿಗೆ ನನ್ನ ಕೃತಜ್ಞತೆ ನಿಜವಾದದ್ದು. ಅಲ್ಲಿ ಒಂದು ಮಗುವಿನ ಜೀವಕ್ಕೆ ಎಷ್ಟು ಪೆಟ್ರೋಲು ಸುರಿದರೂ ಕಡಿಮೆಯೇ. ನನ್ನ ತಕರಾರು ಉಳಿದವರ ಮೇಲೆ: ಯಾರದೋ ಮನೆಯ ಮುಂದೆ ರಾತ್ರೋರಾತ್ರಿ ಸಿಮೆಂಟಿನಲ್ಲಿ ಎದ್ದವರು, ಪೈಪಿಗೆಂದು ಅಗೆದು ಮುಚ್ಚಿದ ಕಾಲುವೆಯ ಮೇಲೆ ಬೆಳೆದವರು, ಇಪ್ಪತ್ತು ಅಡಿಗೊಬ್ಬರಂತೆ ಸಾಲಾಗಿ ಕೂತವರು.

ತಮ್ಮ ಕೃಪೆಯ ಲೆಕ್ಕವನ್ನು ಭಕ್ತಿಯಿಂದ ಒಪ್ಪಿಸುತ್ತೇನೆ. ಒಂದು ಟನ್ ತೂಕದ ಕಾರು 40ರ ವೇಗದಲ್ಲಿ ಬರುತ್ತಿರುತ್ತದೆ. ತಮ್ಮನ್ನು ಕಂಡು 10ಕ್ಕೆ ಇಳಿದಾಗ, ಅದುವರೆಗೆ ಪೆಟ್ರೋಲು ಸುಟ್ಟು ಗಳಿಸಿದ ಓಟದ ಬಹುಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ 40 ಮುಟ್ಟಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಐದನೇ ಒಂದು ಭಾಗ ಚಕ್ರಕ್ಕೆ ತಲುಪುತ್ತದೆ ಎಂದಿಟ್ಟುಕೊಂಡರೆ, ಇದೊಂದು ಏರಿಕೆಗೆ ಸುಮಾರು 9 ಎಂಎಲ್ ಬೇಕು. ಹೆಚ್ಚುಕಡಿಮೆ ಎರಡು ಚಮಚ. ಲೀಟರಿಗೆ 20 ಕಿ.ಮೀ. ಕೊಡುವ ಕಾರು ಸಮ ರಸ್ತೆಯಲ್ಲಿ ಒಂದು ಕಿ.ಮೀ.ಗೆ ಕುಡಿಯುವುದೇ 50 ಎಂಎಲ್. ಅದೇ ಕಿಲೋಮೀಟರಿನಲ್ಲಿ ತಾವು ಐವರು ದರ್ಶನ ಕೊಟ್ಟರೆ ಇನ್ನೊಂದು 45 ಎಂಎಲ್ ತಮ್ಮ ಪಾದಕ್ಕೆ. ದೂರದಿಂದಲೇ ತಮ್ಮನ್ನು ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇದರಲ್ಲಿ ಸ್ವಲ್ಪ ಉಳಿಸಬಹುದು. ಆದರೆ ಬಣ್ಣವಿಲ್ಲ, ಫಲಕವಿಲ್ಲ, ದೀಪವಿಲ್ಲ. ತಾವು ಕಾಣಿಸುವ ಹೊತ್ತಿಗೆ ಮುಂದಿನ ಚಕ್ರ ತಮ್ಮ ಮೇಲಿರುತ್ತದೆ.

ಇಷ್ಟಾದರೂ ಅಪವಾದ ಮಾತ್ರ ತಮ್ಮ ಮೇಲೆ ಬರುವುದಿಲ್ಲ. ಮೈಲೇಜ್ ಬರುತ್ತಿಲ್ಲ ಎಂದರೆ ಗ್ಯಾರೇಜಿನವರು ಟೈರಿನ ಗಾಳಿ ನೋಡುತ್ತಾರೆ, ಏರ್ ಫಿಲ್ಟರ್ ಬದಲಿಸುತ್ತಾರೆ, ಓಡಿಸುವವನ ಕಾಲನ್ನು ಬೈಯುತ್ತಾರೆ. ಪೆಟ್ರೋಲಿಗೆ ಬೆರೆಸುವ ಎಥನಾಲನ್ನೂ ದೂರುತ್ತಾರೆ. ಅದರಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ ಇರುವುದರಿಂದ ಆ ದೂರು ಸುಳ್ಳಲ್ಲ. ಟೈರಿನ ಗಾಳಿಯೂ ಸುಳ್ಳಲ್ಲ. ಆದರೆ ಅವೆಲ್ಲವನ್ನೂ ಸರಿಪಡಿಸಿಕೊಂಡು ಹೊರಟವನಿಗೂ ಮೊದಲ ತಿರುವಿನಲ್ಲೇ ತಾವು ಸಿಗುತ್ತೀರಿ. ಕಂಪನಿಯವರು ಹೇಳುವ ಮೈಲೇಜಿನ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ರೋಲರಿನ ಮೇಲೆ. 1180 ಸೆಕೆಂಡಿನ ಆ ಓಟದಲ್ಲಿ ನಿಲ್ಲುವುದು, ಹೊರಡುವುದು ಎಲ್ಲ ಉಂಟು, ತಮಗೊಂದು ಜಾಗ ಇಲ್ಲ. ದಯಮಾಡಿ ಅಲ್ಲಿಗೂ ಚಿತ್ತೈಸಬೇಕು.

ಡೀಸೆಲ್ ಬಸ್ಸು ಎರಡನೇ ಗೇರಿನಲ್ಲಿ ತಮ್ಮನ್ನು ಹತ್ತಿಳಿದು ಬಿಡುವ ಹೊಗೆಯನ್ನು, ಹಿಂದೆ ಸ್ಕೂಟರಿನಲ್ಲಿ ಕೂತ ಎಳೆಯ ಮಕ್ಕಳು ಪ್ರಸಾದವಾಗಿ ಸೇವಿಸುತ್ತಿದ್ದಾರೆ. ಆಂಬ್ಯುಲೆನ್ಸಿನೊಳಗೆ ಮೂಳೆ ಮುರಿದು ಮಲಗಿದವರ ಮಾತನ್ನು ನಾನು ಎತ್ತುವುದಿಲ್ಲ. ಅದು ತಮಗೇ ಕೇಳಿಸಿರುತ್ತದೆ.

ತಮ್ಮ ವಂಶಕ್ಕೂ ಒಂದು ಶಾಸ್ತ್ರವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಐಆರ್‌ಸಿ-99 ಮಾರ್ಗಸೂಚಿಯ ಪ್ರಕಾರ ತಮ್ಮ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಮೈ ದುಂಡಗೆ. ಅಂಥ ಉಬ್ಬನ್ನು 25 ಕಿ.ಮೀ. ವೇಗದಲ್ಲಿ ತಳ ತಾಗದೆ ದಾಟಬಹುದು. 10ಕ್ಕೆ ಇಳಿಯುವ ಬದಲು 25ಕ್ಕೆ ಇಳಿದರೆ ಮೇಲಿನ ಲೆಕ್ಕದಲ್ಲಿ ಮೂರನೇ ಒಂದು ಭಾಗ ಪೆಟ್ರೋಲು ಉಳಿಯುತ್ತದೆ. ವಾಹನವೂ ನಿಧಾನವಾಗುತ್ತದೆ, ಮಗುವೂ ರಸ್ತೆ ದಾಟುತ್ತದೆ. ಇಷ್ಟು ಸರಳ ಉಪಾಯ ಕೈಯಲ್ಲಿದ್ದೂ ಒಂದಡಿ ಅಗಲದ ಸಿಮೆಂಟು ದಿಂಡುಗಳಾಗಿ ತಾವು ಅವತರಿಸುತ್ತಿರುವುದು ನನಗೆ ಸಹಿಸಲಾಗದ ಸಂಕಟ.

ಆದಕಾರಣ ಕೈಮುಗಿದು ಬೇಡುತ್ತೇನೆ. ಶಾಲೆ, ಆಸ್ಪತ್ರೆಗಳ ಮುಂದಿನವರು ಶಾಸ್ತ್ರದ ಅಳತೆಗೆ ಬಂದು, ಪಟ್ಟೆ ಬಳಿಸಿಕೊಂಡು, ಮುಂಚೆಯೇ ಒಂದು ಫಲಕ ನೆಡಿಸಿಕೊಂಡು ಅಲ್ಲೇ ಇರಬೇಕು. ಅಪ್ಪಣೆಯಿಲ್ಲದೆ ಎದ್ದ ಮಿಕ್ಕವರು ಬರುವ ಮಳೆಗಾಲದೊಳಗೆ ರಸ್ತೆ ಖಾಲಿ ಮಾಡಬೇಕು.

ಇಂತಿ ತಮ್ಮ ವಿಧೇಯ,
ದಿನನಿತ್ಯದ ಪ್ರಯಾಣಿಕ