ಬಾನೆಟ್ಟಿನೊಳಗಿನ ಟಿಕ್ ಟಿಕ್

ಬೀಜಾಡಿಯಲ್ಲಿ ಹಳೇ ಮಾರುತಿ 800 ಒಮ್ಮೆ ‘ಟಿಕ್ ಟಿಕ್’ ಅಂದರೆ ಸಾಕು, ಬಾನೆಟ್ ಸುತ್ತ ವೈದ್ಯರ ಜಾತ್ರೆ. ಬಂಗುಡೆ ತರಲು ಹೊರಟವರೂ ಚೀಲ ಹಿಡಿದೇ ನಿಲ್ಲುತ್ತಾರೆ. “ಹ್ವಾಯ್, ಇಂಜಿನ್ ಹೋಯ್ತ್ ಕಾಣಿ!” ಎಂಬ ಮರಣ ಪ್ರಮಾಣಪತ್ರ ಮೊದಲು; ತಪಾಸಣೆ ಆಮೇಲೆ.

ಪಾಪ, 796 ಸಿಸಿಯ ಆ ಮೂರು ಸಿಲಿಂಡರಿಗೆ ಅಷ್ಟು ಸುಲಭದಲ್ಲಿ ಸಾವಿಲ್ಲ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಬೇಕು. ಆಮೇಲೆ ಉದ್ದದ ಸ್ಕ್ರೂಡ್ರೈವರಿನ ತುದಿ ವಾಲ್ವ್ ಕವರಿಗೆ, ಹಿಡಿ ಕಿವಿಗೆ. (ಲುಂಗಿಯ ಅಂಚು ಫ್ಯಾನ್ ಬೆಲ್ಟಿನಿಂದ ದೂರವಿರಲಿ.) ಮೇಲಿನಿಂದ ಬರುವ ಚೂಪು ಸದ್ದು ಟಪ್ಪೆಟ್ಟಿನದು. ಕ್ರ್ಯಾಂಕ್ ಎರಡು ಸುತ್ತು ಹಾಕುವಾಗ ಕ್ಯಾಮ್ ಒಂದೇ ಸುತ್ತು ಹಾಕುವುದರಿಂದ ಅದರದು ಅರ್ಧ ವೇಗದ ಲಯ. ಫೀಲರ್ ಗೇಜ್ ತೂರಿಸಿ ಸಂದು ಸರಿಮಾಡಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ತಣ್ಣಗಿರುವಾಗ ಮಾತ್ರ ಟಿಕ್ಕೆಂದು, ಬಿಸಿಯಾದ ಮೇಲೆ ನಿಂತರೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿರಬಹುದು.

ಟಪ್ಪೆಟ್ಟು ಚೆಂಡೆಯಾದರೆ ಬೇರಿಂಗ್ ಮದ್ದಳೆ: ಕೆಳಗಿನಿಂದ, ಗಾಡಿ ಏರು ಹತ್ತುವಾಗ ‘ಢಬ್ ಢಬ್’. ಅದು ಕೇಳಿದರೆ ಇಂಜಿನ್ ನಿಲ್ಲಿಸಿ, ಕುಂಭಾಶಿ ಗಣಪತಿಗೆ ಹೇಳಿಕೊಂಡು, ಎಳೆಯಲು ಹಗ್ಗ ಹುಡುಕಬೇಕು. ನಮ್ಮೂರ ಚಿಕಿತ್ಸೆಯೇ ಬೇರೆ: ಸ್ಟೀರಿಯೋದಲ್ಲಿ ಯಕ್ಷಗಾನ ಹಾಕಿ ವಾಲ್ಯೂಮ್ ಏರಿಸುವುದು.