ವಾರಕ್ಕೆ ಮೂರೇ ದಿನಾನಾ?

ಇನ್ನು ಮುಂದೆ ಎಲ್ಲರೂ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು, ಗೇಟಿನಲ್ಲಿ ಕಾರ್ಡ್ ಸ್ವೈಪ್ ಮಾಡಿದ ಲೆಕ್ಕ ನೇರ ಮ್ಯಾನೇಜರಿಗೆ ಹೋಗುತ್ತದೆ ಎಂದು ಎಚ್‌ಆರ್‌ನಿಂದ ಮೇಲ್ ಬಂತು. ವಿಷಯ ಇಷ್ಟೇ. ಉಳಿದದ್ದೆಲ್ಲ ಸಹಯೋಗ, ಸಂಸ್ಕೃತಿ, ಹೊಸ ಹುರುಪು.

ನಮ್ಮ ಟೀಮಿನ ವಾಟ್ಸಾಪ್ ಗುಂಪು (ಮ್ಯಾನೇಜರನ್ನು ಸೇರಿಸದ ಗುಂಪು) ಆ ರಾತ್ರಿ ಮಲಗಲಿಲ್ಲ. ಒಬ್ಬನಿಗೆ ಇದ್ದಕ್ಕಿದ್ದಂತೆ ಸೊಂಟನೋವು ಬಂತು. ಲಾಕ್‌ಡೌನಿನಲ್ಲಿ ಶಿರಸಿ ಸೇರಿದ್ದ ಕ್ಲೌಡ್ ಆರ್ಕಿಟೆಕ್ಟ್ ಒಬ್ಬ, ಅಡಿಕೆ ಕೊಯ್ಲು ಮುಗಿಯದೆ ಬರಲಾಗದು ಎಂದ. ಇನ್ನೊಬ್ಬಳು ಕಾರ್ಮಿಕ ಕಾನೂನಿನ ಪಿಡಿಎಫ್ ಹಾಕಿದಳು, ಯಾರೂ ತೆರೆಯಲಿಲ್ಲ. ನಾನು "ಇದು ನಂಬಿಕೆಯ ಪ್ರಶ್ನೆ" ಎಂದು ಶುರುಮಾಡಿ, ಫೋನಿನಲ್ಲಿ ಎರಡು ಸಲ ಬೆರಳಾಡಿಸಿದರೂ ಮುಗಿಯದಷ್ಟು ಉದ್ದದ ಭಾಷಣ ಬರೆದೆ. ಹೆಬ್ಬೆರಳುಗಳ ಸುರಿಮಳೆಯಾಯಿತು. ಮರುದಿನ ಬೆಳಗ್ಗೆ ಎಚ್‌ಆರ್ ಮೇಲಿಗೆ ನಾವೆಲ್ಲ ಒಕ್ಕೊರಲಿನಿಂದ ಕಳಿಸಿದ ಉತ್ತರ: "ನೋಟೆಡ್, ಥ್ಯಾಂಕ್ಯೂ."

ಮನೆಯಲ್ಲಾದರೂ ಅನುಕಂಪ ಸಿಕ್ಕೀತೆಂದು ರಾತ್ರಿ ಊಟದ ಹೊತ್ತಿಗೆ ಗಂಭೀರ ದನಿಯಲ್ಲಿ ಸುದ್ದಿ ಹೇಳಿದೆ. ಹೆಂಡತಿ ಸಾರಿನ ಸೌಟನ್ನು ಕೆಳಗಿಟ್ಟು ಕೇಳಿದಳು: "ವಾರಕ್ಕೆ ಮೂರೇ ದಿನಾನಾ?"

"ಐದು ದಿನ ಕರೆಯಕ್ಕೆ ಅವರಿಗೇನಂತೆ ಕಷ್ಟ?" ಎಂದಳು ಅಮ್ಮ. ಮಗಳು ಮಾತಾಡಲಿಲ್ಲ. ಎದ್ದು ಹೋಗಿ ಕ್ಯಾಲೆಂಡರ್ ನೋಡಿದಳು.

ನಾನು ಅಂಕಿಅಂಶಗಳ ಮನುಷ್ಯ, ಬಿಡಲಿಲ್ಲ. 2020ರಲ್ಲಿ ಟಿಸಿಎಸ್‌ನವರು, 2025ರ ಹೊತ್ತಿಗೆ ಶೇ. 25ರಷ್ಟು ನೌಕರರು ಆಫೀಸಿನಲ್ಲಿದ್ದರೆ ಸಾಕು ಎಂದಿದ್ದರು. ಆ ಸುದ್ದಿಯನ್ನು ನಾನು ನೆಂಟರಿಷ್ಟರಿಗೆಲ್ಲ ಫಾರ್ವರ್ಡ್ ಮಾಡಿದ್ದೆ. 2023ರ ಅಕ್ಟೋಬರಿನಲ್ಲಿ ಅದೇ ಕಂಪನಿ ಐದೂ ದಿನ ಬನ್ನಿ ಎಂದಿತು. ಮರುವರ್ಷ, ಹಾಜರಿ ಶೇ. 60ಕ್ಕಿಂತ ಕೆಳಗಿಳಿದರೆ ವೇರಿಯಬಲ್ ಪೇ ಸೊನ್ನೆ ಎಂದಿತು. ವಿಪ್ರೊ ಮೂರು ದಿನ ಕರೆಯಿತು. ಅಮೆಜಾನ್ 2025ರ ಜನವರಿಯಿಂದ ಐದು ದಿನ. ಅವೆಲ್ಲ ಇರಲಿ, ಜಗತ್ತನ್ನೇ ಮನೆಯಲ್ಲಿ ಕೂರಿಸಿದ ಜೂಮ್ ಕಂಪನಿ 2023ರ ಆಗಸ್ಟಿನಲ್ಲಿ, ಹತ್ತಿರದಲ್ಲಿರುವ ತನ್ನ ನೌಕರರು ವಾರಕ್ಕೆರಡು ದಿನ ಖುದ್ದಾಗಿ ಬರಲಿ ಎಂದಾಗ ನನಗೆ ಹೋಟೆಲ್ ಮಾಲೀಕ ಮನೆಯಿಂದ ಬುತ್ತಿ ತರಿಸಿಕೊಂಡು ಉಣ್ಣುವುದನ್ನು ನೋಡಿದ ಹಾಗಾಗಿತ್ತು.

ಇಷ್ಟನ್ನೂ ವಿವರಿಸಿ ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ. "ಬೆಂಗಳೂರಿನ ಟ್ರಾಫಿಕ್ ಗೊತ್ತಾ ನಿಂಗೆ? 2022ರಲ್ಲಿ ಊರೊಳಗೆ ಹತ್ತು ಕಿಲೋಮೀಟರ್ ಹೋಗಕ್ಕೆ ಸರಾಸರಿ 29 ನಿಮಿಷ. ಟಾಮ್‌ಟಾಮ್‌ನವರ ಪಟ್ಟೀಲಿ ನಾವು ಪ್ರಪಂಚಕ್ಕೇ ಎರಡನೆಯವರು!"

"ಗೊತ್ತು ರೀ. ಆ ಟ್ರಾಫಿಕ್ಕಲ್ಲಿ ನಾನೇ ಇದ್ದೆ."

ನನ್ನವಳು ಬ್ಯಾಂಕಿನವಳು ಎಂಬುದು ವಾದದ ಬಿಸಿಯಲ್ಲಿ ಮರೆತುಹೋಗಿತ್ತು. 2020ರ ಮಾರ್ಚ್ ಕೊನೆಯಲ್ಲಿ ಇಡೀ ದೇಶ ಬಾಗಿಲು ಹಾಕಿದಾಗಲೂ ಬ್ಯಾಂಕುಗಳು ತೆರೆದಿದ್ದವು. ಪೊಲೀಸರಿಗೆ ಐಡಿ ಕಾರ್ಡ್ ತೋರಿಸಿ, ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ಅವಳು ಕೌಂಟರಿಗೆ ಹೋಗುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು "ಹುಷಾರು" ಎನ್ನುತ್ತಿದ್ದೆ. "ನಿಮ್ಮನ್ನ ವಾಪಸ್ ಕರೀತಿದಾರೆ. ನಮ್ಮನ್ನ ವಾಪಸ್ ಕರೆಯಕ್ಕೆ ಮೊದಲು ಬಿಟ್ಟಿರ್ಬೇಕಲ್ಲ?" ಎಂದಳು. ಇದಕ್ಕೆ ನನ್ನ ಅಂಕಿಅಂಶಗಳಲ್ಲಿ ಉತ್ತರವಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನನ್ನ ಕಾಲ್ ಹತ್ತಕ್ಕೆ ಶುರುವಾಗುವುದರಿಂದ ಮನೆಯಲ್ಲಿ ಒಂಬತ್ತರ ಮೇಲೆ ಮಿಕ್ಸಿ ನಿಷಿದ್ಧವಾಗಿತ್ತು. ಹಾಗಾಗಿ ರಾತ್ರಿಯ ಚಪಾತಿಗೂ ಬೆಳಗಿನ ಚಟ್ನಿಯೇ. ಅಮ್ಮ ಮಧ್ಯಾಹ್ನದ ಧಾರಾವಾಹಿಗಳನ್ನು ವರ್ಷಗಟ್ಟಲೆ ಸದ್ದಿಲ್ಲದೆ ನೋಡಿ, ಸಂಭಾಷಣೆಯನ್ನು ತಾನೇ ಹೊಂದಿಸಿಕೊಂಡಿದ್ದಾಳೆ. ಅವಳು ಹೇಳುವ ಕಥೆಯಲ್ಲಿ ಅತ್ತೆಯರೆಲ್ಲ ಒಳ್ಳೆಯವರು. ನಾನು ಅರ್ಧ ಗಂಟೆಗೊಮ್ಮೆ ಫ್ರಿಜ್ ತೆರೆದು ಏನೂ ತೆಗೆಯದೆ ಮುಚ್ಚುತ್ತೇನಂತೆ, ಕೋಡುಬಳೆ ಡಬ್ಬಿಯನ್ನು ಮಾತ್ರ ತೆಗೆದು ಮುಚ್ಚುವುದಿಲ್ಲವಂತೆ. ಮನೆಗೆಲಸದವಳು ನೆಲ ಒರೆಸಲು ಬಂದಾಗ ಕಾಲೆತ್ತಿ ಕೂತೇ ಪುಣೆಯ ಟೀಮಿಗೆ ಜವಾಬ್ದಾರಿಯ ಬಗ್ಗೆ ಉಪದೇಶ ಮಾಡುತ್ತಿರುತ್ತೇನೆ. ಆಕೆ ಪಕ್ಕದ ಮನೆಯಲ್ಲಿ, "ಆ ಅಣ್ಣ ಪಾಪ, ಒಬ್ರೇ ಕೂತ್ಕೊಂಡು ಇಂಗ್ಲೀಷಲ್ಲಿ ಬೈತಾ ಇರ್ತಾರೆ" ಎಂದಿದ್ದಾಳಂತೆ. ನನಗೆ ಕೆಲಸ ಹೋಗಿದೆ ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಹೇಗೆ ಹುಟ್ಟಿತೆಂದು ಅವತ್ತು ತಿಳಿಯಿತು.

2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ವಾರಕ್ಕೆ 90 ಗಂಟೆ ದುಡಿಯುವ ಮಾತೆತ್ತಿ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬರ್ಥದಲ್ಲಿ ಕೇಳಿದ್ದಕ್ಕೆ ದೇಶವೇ ಸಿಡಿಮಿಡಿಗೊಂಡಿತ್ತು. ನಾನೂ ಸಿಟ್ಟಿನಿಂದ ಆ ವಿಡಿಯೊ ತೋರಿಸಿದ್ದೆ. ಹೆಂಡತಿ ಪೂರ್ತಿ ನೋಡಿ, "ಪ್ರಶ್ನೆ ಸರಿಯಾಗೇ ಇದೆ. ಆದ್ರೆ ನಮ್ಮನ್ನ ಕೇಳ್ಬೇಕಿತ್ತು" ಎಂದಿದ್ದಳು.

ಹೋದೆ. ವಿಜಯನಗರದಿಂದ ಕೆ.ಆರ್. ಪುರದವರೆಗೆ ನೇರಳೆ ಮಾರ್ಗದ ಮೆಟ್ರೊ, ಅಷ್ಟರಮಟ್ಟಿಗೆ ಸಿಂಗಪುರ. ಅಲ್ಲಿಂದಾಚೆ ಔಟರ್ ರಿಂಗ್ ರೋಡು. ಬುಧವಾರವಂತೂ ಎಲ್ಲ ಕಂಪನಿಗಳ 'ಮೂರು ದಿನ'ಗಳೂ ಒಂದರ ಮೇಲೊಂದು ಬೀಳುತ್ತವೆ. ಸೋಮವಾರ ಶುಕ್ರವಾರ ಯಾರಿಗೆ ಬೇಕು? ಬುಧವಾರವಾದರೂ ಮನೆಯಿಂದಲೇ ಕೆಲಸ ಮಾಡಿಸಿ ಎಂದು ಸಂಚಾರ ಪೊಲೀಸರೇ ಕಂಪನಿಗಳಿಗೆ ಸಲಹೆ ಕೊಟ್ಟದ್ದುಂಟು. ನಮ್ಮ ಮನೆಯಲ್ಲಿ ಆ ಸಲಹೆಯನ್ನು ಯಾರೂ ಬಾಯಿಬಿಟ್ಟು ಓದಲಿಲ್ಲ.

ಆಫೀಸಿನಲ್ಲಿ ಯಾರಿಗೂ ಸ್ವಂತ ಜಾಗವಿಲ್ಲ, ಆ್ಯಪಿನಲ್ಲಿ ಸೀಟು ಕಾದಿರಿಸಬೇಕು. ನನ್ನ ಪಾಲಿಗೆ ಬಂದ ಕುರ್ಚಿಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿ, ಪುಣೆಯವರ ಜೊತೆ ಅದೇ ಹತ್ತು ಗಂಟೆಯ ಕಾಲ್ ಸೇರಿದೆ. ಎದುರಿಗೆ ಕೂತವನೂ ಅದೇ ಕಾಲ್‌ನಲ್ಲಿದ್ದ. ಅವನ ಪ್ರತಿ ಮಾತೂ ನನಗೆ ಎರಡು ಸಲ ಕೇಳಿಸುತ್ತಿತ್ತು, ಮೊದಲು ಗಾಳಿಯಲ್ಲಿ, ಆಮೇಲೆ ನೆಟ್‌ವರ್ಕಿನಲ್ಲಿ. ಎಚ್‌ಆರ್‌ನವರು ಬರೆದಿದ್ದ ಸಹಯೋಗ ಇದೇ ಇರಬೇಕು.

ಜಾಣರು ಕಾರ್ಡ್ ಉಜ್ಜಿ, ಒಂದು ಕಾಫಿ ಕುಡಿದು, ನಾಲ್ಕು ಜನಕ್ಕೆ ಮುಖ ತೋರಿಸಿ ಮಾಯವಾಗುತ್ತಾರೆ. ಅಮೆರಿಕದಲ್ಲಿ ಈ ವಿದ್ಯೆಗೆ 'ಕಾಫಿ ಬ್ಯಾಡ್ಜಿಂಗ್' ಎಂಬ ಹೆಸರೂ ಇದೆ. ವಿಜಯನಗರದವನಿಗೆ ಅದು ದಕ್ಕುವುದಲ್ಲ. ಹನ್ನೊಂದರ ಕಾಫಿ ಕುಡಿದು ಹೊರಟರೆ ಮನೆಗೆ ಬರುವಷ್ಟರಲ್ಲಿ ಉಳಿದವರೆಲ್ಲ ಉಂಡು ಪಾತ್ರೆ ತೊಳೆದಿಟ್ಟಿರುತ್ತಾರೆ. ಅದೂ ಅಲ್ಲದೆ, ಬೇಗ ಬಂದವನ ಮುಖವನ್ನು ನಮ್ಮ ಮನೆಯಲ್ಲಿ ನೋಡುವ ರೀತಿಯೇ ಬೇರೆ.

ಉಳಿದ ಎರಡು ದಿನ ನನ್ನ ಸಾಮ್ರಾಜ್ಯ ಎಂದುಕೊಂಡಿದ್ದೆ. ಮೊದಲ ಶುಕ್ರವಾರವೇ ಊಟದ ಮೇಜಿನ ಸುತ್ತ ಅಮ್ಮನ ಲಲಿತಾ ಸಹಸ್ರನಾಮದ ಬಳಗ ಕೂತಿತ್ತು. ಮಗಳು ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಳು: ಹಾಲ್, ರೂಮು, ಮೇಜು, ಯಾರು ಯಾವಾಗ. ನನ್ನ ಹೆಸರು ಎಲ್ಲೂ ಇರಲಿಲ್ಲ.

"ಅಪ್ಪಾ, ಹಿಂದಿನ ದಿನಾನೇ ಬುಕ್ ಮಾಡ್ಬೇಕು. ನಿಮ್ಮ ಆಫೀಸಲ್ಲಿ ಹಂಗೇ ಅಲ್ವಾ?"

ಬುಕ್ ಮಾಡದವರಿಗೆ ಯುಟಿಲಿಟಿಯಲ್ಲಿ, ವಾಷಿಂಗ್ ಮಷಿನ್ ಪಕ್ಕ ಸ್ಟೂಲು. ಹತ್ತರ ಕಾಲ್ ಶುರುವಾಗಿ ನಾನು ಬಾಯಿ ತೆರೆಯುವುದಕ್ಕೂ ಮಷಿನ್ ಬಟ್ಟೆ ಹಿಂಡಲು ಶುರುಮಾಡುವುದಕ್ಕೂ ಸರಿಹೋಯಿತು. ಪುಣೆಯ ಮ್ಯಾನೇಜರ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಹೆಲಿಕಾಪ್ಟರಿನಲ್ಲಿ ಆಫೀಸಿಗೆ ಹೊರಟಿದ್ದೀರಾ ಎಂದು ವಿಚಾರಿಸಿದರು. ಮ್ಯೂಟ್ ಒತ್ತಿ, ಇನ್ನೆಷ್ಟು ಹೊತ್ತಮ್ಮಾ ಎಂದು ಕೂಗಿದೆ.

ಸಹಸ್ರನಾಮದ ನಡುವೆಯೇ ಅಮ್ಮ ಹೇಳಿದಳು: "ಅದಾದ್ಮೇಲೆ ಬೆಡ್‌ಶೀಟಿಂದು ಒಂದು ಟ್ರಿಪ್ ಇದೆ ಕಣೋ."