ಎಂಟರಿಂದ ಎಂಬತ್ತರವರೆಗೆ ಎಲ್ಲರಿಗೂ ಥ್ರಿಲ್ಲು

ಬೆಂಗಳೂರಿನ ಯಾವುದಾದರೂ ಕಾಲೇಜಿನ ಮಾಧ್ಯಮ ವಿಭಾಗಕ್ಕೆ ಹೋಗಿ, ಕೊನೆಯ ಸೆಮಿಸ್ಟರಿನ ಮಕ್ಕಳನ್ನು ನಿಲ್ಲಿಸಿ 'ಪ್ರಾಜೆಕ್ಟ್ ಏನಪ್ಪಾ?' ಅಂತ ಕೇಳಿ ನೋಡಿ. ಮುಕ್ಕಾಲು ಪಾಲು 'ಥ್ರಿಲ್ಲರ್' ಅನ್ನುತ್ತವೆ. ಅವರದೂ ತಪ್ಪಿಲ್ಲ ಬಿಡಿ. ಪ್ರೇಮಕಥೆ ತೆಗೆದರೆ ಮನೆಯಲ್ಲಿ ಅನುಮಾನ ಪಡುತ್ತಾರೆ. ಕಾಮಿಡಿ ತೆಗೆದರೆ ಯಾರೂ ನಗುವುದಿಲ್ಲ. ಕೊಲೆ ಮಾಡಿಸಿದರೆ ಮಾತ್ರ ಯಾರದ್ದೂ ತಕರಾರಿಲ್ಲ. ಖರ್ಚೂ ಕಡಿಮೆ: ಒಂದು ಪಿಜಿ ರೂಮು, ಒಂದು ಕಪ್ಪು ಹೂಡಿ, ಅಮ್ಮ ಮೆಣಸಿನಕಾಯಿ ಹೆಚ್ಚುವ ಚಾಕು, ರಕ್ತಕ್ಕೆ ಟೊಮ್ಯಾಟೊ ಸಾಸು. ಲೈಟ್ ಆರಿಸಿಬಿಟ್ಟರೆ ಲೈಟಿಂಗೂ ಮುಗಿಯಿತು.

ಎಲ್ಲ ಸಲೀಸಾಗಿ ಸಾಗುತ್ತಿರುವಾಗ ಮೇಷ್ಟ್ರು ಒಂದು ಫಾರಂ ಕೊಡುತ್ತಾರೆ. ಅದರಲ್ಲಿ 'ಟಾರ್ಗೆಟ್ ಆಡಿಯನ್ಸ್' ಅಂತ ಒಂದು ಖಾನೆ. ಕೊಲೆಗಾರ ಯಾರೆಂದು ಹೊಳೆದ ಮಿದುಳಿಗೆ ನೋಡುಗ ಯಾರೆಂದು ಹೊಳೆಯುವುದಿಲ್ಲ. ನಮ್ಮ ಬೀದಿಯಲ್ಲೂ ಒಬ್ಬರು ನಿರ್ದೇಶಕರಿದ್ದಾರೆ. ವಯಸ್ಸು ಇಪ್ಪತ್ತೊಂದು, ಗಡ್ಡ ಮಾತ್ರ ನಲವತ್ತರದ್ದು. ಅವರು ತುಂಬಿದ ಖಾನೆ ಹೀಗಿತ್ತು: 'ವಯಸ್ಸು 8ರಿಂದ 80. ಗಂಡು, ಹೆಣ್ಣು. ನಗರ, ಗ್ರಾಮೀಣ. ಎಲ್ಲ ವರ್ಗದವರು.'

"ಇದೇನು ಸಿನಿಮಾ ತೆಗೀತಿದ್ದೀಯೋ, ಜನಗಣತಿ ಮಾಡ್ತಿದ್ದೀಯೋ?" ಅಂದೆ.

"ಎಲ್ರೂ ನೋಡ್ಬೇಕಲ್ವಾ ಅಂಕಲ್?"

"ಎಂಟು ವರ್ಷದ ಮಗು ಕೂತು ನಿನ್ನ ಕೊಲೆ ನೋಡ್ಬೇಕಾ?"

"ಸರಿ, ಹದಿನೆಂಟರಿಂದ ಎಂಬತ್ತು ಮಾಡ್ತೀನಿ."

"ಎಂಬತ್ತರವರು ಯಾರು?"

"ನಮ್ ತಾತ. ನಾನು ಹೇಳಿದ್ರೆ ನೋಡ್ತಾರೆ."

ಸೆನ್ಸಾರ್ ಮಂಡಳಿಯವರೂ ಇಷ್ಟು ಉದಾರಿಗಳಲ್ಲ. ಥಿಯೇಟರಿಗೆ ಹೋಗುವ ಸಿನಿಮಾಗಳಿಗೆ ಮೊದಲು ಯು ಮತ್ತು ಎ ನಡುವೆ ಯು/ಎ ಅಂತ ಒಂದೇ ಮುದ್ರೆ ಇತ್ತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಏಳು, ಹದಿಮೂರು, ಹದಿನಾರು ಅಂತ ಮೂರು ಮೆಟ್ಟಿಲು ಮಾಡಿದರು. ಏಳರ ಮಗು ಬೆಚ್ಚುವುದೇ ಬೇರೆಯದಕ್ಕೆ, ಹದಿನಾರರ ಹುಡುಗ ಬೆಚ್ಚುವುದೇ ಬೇರೆಯದಕ್ಕೆ ಅಂತ ಸರ್ಕಾರಕ್ಕೂ ತಿಳಿಯಿತು. ನಮ್ಮ ನಿರ್ದೇಶಕರಿಗೆ ಇನ್ನೂ ತಿಳಿಯಬೇಕಿದೆ.

ಹಾಗಾದರೆ ಈ ಸಿನಿಮಾಗಳನ್ನು ನಿಜವಾಗಿ ನೋಡುವವರು ಯಾರು? ಸೆಮಿನಾರ್ ಹಾಲಿನಲ್ಲಿ ಪ್ರದರ್ಶನ ಇಟ್ಟಾಗ ಹೋಗಿ ನೋಡಿ. ಮುಂದಿನ ಸಾಲಿನಲ್ಲಿ ಮೇಷ್ಟ್ರು. ಇಂಟರ್ನಲ್ಸ್ ಅಂಕ ಹಾಕಬೇಕಲ್ಲ, ಅವರಿಗೆ ವಿಧಿಯಿಲ್ಲ. ಹಿಂದಿನ ಸಾಲುಗಳಲ್ಲಿ ಸ್ನೇಹಿತರ ದಂಡು. ಹೆಣವಾಗಿ ಬಿದ್ದಿರುವವನು ಇವರ ಬೆಂಚಿನವನೇ ಆದ್ದರಿಂದ ಹೆಣ ಕಂಡ ಕೂಡಲೇ ಶಿಳ್ಳೆ. ಮಧ್ಯದ ಸಾಲಿನಲ್ಲಿ ಅಪ್ಪ, ಅಮ್ಮ. ತೆರೆಯ ಮೇಲೆ ಕತ್ತಲ ಓಣಿ, ಹಿಂದೆ ಹೆಜ್ಜೆ ಸಪ್ಪಳ, ಹೂಡಿಯವನು ಚಾಕು ಎತ್ತುತ್ತಾನೆ. ಆಗ ಅಮ್ಮನ ಪಿಸುಮಾತು: "ರೀ, ಅದು ನಮ್ಮನೆ ಚಾಕು ಅಲ್ವಾ?" ಥ್ರಿಲ್ಲು ಅಲ್ಲಿಗೆ ಖತಂ. ಎಂಟು ನಿಮಿಷದ ಸಿನಿಮಾ ಮುಗಿದ ಮೇಲೆ ಎರಡು ನಿಮಿಷ ಕೃತಜ್ಞತೆಯ ಪಟ್ಟಿ ಓಡುತ್ತದೆ. ಪ್ರೇಕ್ಷಕರಲ್ಲಿ ಹೆಚ್ಚಿನವರು ಬಂದಿರುವುದು ಆ ಪಟ್ಟಿಯಲ್ಲಿ ತಮ್ಮ ಹೆಸರು ನೋಡಲಿಕ್ಕೆ. ದೀಪ ಹತ್ತಿದ ಮೇಲೆ ವಿಮರ್ಶೆ ಒಂದೇ: 'ಸೂಪರ್ ಮಗಾ!'

ಇವರಾಚೆಗಿನ ನೋಡುಗ ಸಿಗುವುದು ಯೂಟ್ಯೂಬಿನಲ್ಲಿ. ಅವನು ನೋಡುವುದು ಮೆಟ್ರೋದಲ್ಲಿ ನಿಂತುಕೊಂಡು, ಹಗಲು ಹೊತ್ತಿನಲ್ಲಿ, ಅಂಗೈಯಗಲದ ಪರದೆಯ ಮೇಲೆ. ನಮ್ಮ ನಿರ್ದೇಶಕರ ಹಿಂದಿನ ಚಿತ್ರವನ್ನು ನಾನು ನೋಡಿದ್ದೂ ಹಾಗೆಯೇ. ಕಗ್ಗತ್ತಲ ದೃಶ್ಯ ಬಂದಾಗ ಗಾಜಿನಲ್ಲಿ ಸ್ಪಷ್ಟವಾಗಿ ಕಂಡದ್ದು ನನ್ನದೇ ಮುಖ. ಭಯವಾದದ್ದು ನಿಜ, ಆದರೆ ಅದರ ಕೀರ್ತಿ ಅವರಿಗೆ ಸಲ್ಲುವುದಿಲ್ಲ. ಯಾರು ನೋಡುತ್ತಾರೆ ಅನ್ನುವುದರ ಜೊತೆಗೆ ಯಾವುದರಲ್ಲಿ ನೋಡುತ್ತಾರೆ ಅನ್ನುವುದೂ ಅದೇ ಖಾನೆಗೆ ಸೇರಿದ ವಿಷಯ. ಅದು ಗೊತ್ತಿದ್ದರೆ ಲೈಟ್ ಆರಿಸುವ ಮುನ್ನ ಕೈ ತಡೆಯುತ್ತದೆ.

ಇನ್ನು ನೋಡುಗ ಏನೇನು ನೋಡಿ ಪಳಗಿ ಬಂದಿದ್ದಾನೆ ಅನ್ನುವುದು. ಕನ್ನಡದಲ್ಲಿ ಕಾಶೀನಾಥ್ 'ಅಪರಿಚಿತ' ಅನ್ನುವ ಥ್ರಿಲ್ಲರ್ ತೆಗೆದದ್ದು 1978ರಲ್ಲಿ. ಸುನೀಲ್‌ಕುಮಾರ್ ದೇಸಾಯಿ 1989ರ 'ತರ್ಕ'ದಲ್ಲಿ ಒಂದೂ ಹಾಡಿಡಲಿಲ್ಲ. ಬೀಡಿ ಸೇದಲು ಎದ್ದುಹೋಗುವುದಕ್ಕೆ ಪ್ರೇಕ್ಷಕನಿಗೆ ನೆಪವೇ ಸಿಗದಂತಾಯಿತು. ಇವತ್ತಿನ ನೋಡುಗನಾದರೋ ರಾತ್ರಿಯಿಡೀ ಕೊರಿಯಾ ಥ್ರಿಲ್ಲರ್‌ಗಳನ್ನು ಅರೆದು ಕುಡಿದವನು. ನಿಮ್ಮ ಸಿನಿಮಾದಲ್ಲಿ ಅತಿ ಒಳ್ಳೆಯವನಾಗಿ ಕಾಣುವ ರೂಮ್‌ಮೇಟ್ ಚಹಾ ತಂದುಕೊಟ್ಟ ಕ್ಷಣಕ್ಕೇ 'ಇವನೇ ಕೊಲೆಗಾರ' ಅಂತ ತೀರ್ಪು ಕೊಟ್ಟು ಫೋನು ಜೇಬಿಗಿಡುತ್ತಾನೆ. ಕೊನೆತನಕ ಕೂತವರಿಗೆ 'ಎಲ್ಲವೂ ಕನಸು' ಅಂತ ಮುಗಿಸಿದರಂತೂ ಬೀದಿ ನಾಯಿಯೂ ಕ್ಷಮಿಸುವುದಿಲ್ಲ.

ನಾನು ಹೇಳುವುದಿಷ್ಟೇ: ವಯಸ್ಸನ್ನು ಬಿಡಿ, ಅಭ್ಯಾಸವನ್ನು ಹಿಡಿಯಿರಿ. ಪವನ್ ಕುಮಾರ್ ಅವರ 'ಯೂ ಟರ್ನ್' (2016) ನೋಡಿ. ಫ್ಲೈಓವರಿನ ಮೇಲೆ ಡಿವೈಡರಿನ ಕಲ್ಲು ಸರಿಸಿ, ಅಡ್ಡದಾರಿಯಲ್ಲಿ ಗಾಡಿ ತಿರುಗಿಸುವವರ ಕಥೆ. ಅದರ ಪ್ರೇಕ್ಷಕ ಯಾರು? 18ರಿಂದ 35ರ ನಗರವಾಸಿ ಅಲ್ಲ. ಎರಡು ನಿಮಿಷ ಉಳಿಸಲು ಎಂದಾದರೂ ಅಡ್ಡದಾರಿ ಹಿಡಿದ ಪ್ರತಿಯೊಬ್ಬ ಸವಾರ. ಅಂದರೆ ಹೆಚ್ಚೂಕಡಿಮೆ ಇಡೀ ಬೆಂಗಳೂರು! ಕ್ರಿಸ್ಟೋಫರ್ ನೋಲನ್ ಕೂಡ ಮೊದಲು ಮಾಡಿದ್ದು ಇದನ್ನೇ. ಅವರ 'ಫಾಲೋಯಿಂಗ್' (1998) ವಿದ್ಯಾರ್ಥಿಗಳ ಲೆಕ್ಕದ್ದೇ ಬಂಡವಾಳದ ಸಿನಿಮಾ: 16 ಎಂಎಂ ಕಪ್ಪು ಬಿಳುಪು, ಗೆಳೆಯರಿಗೆಲ್ಲ ಬೇರೆ ನೌಕರಿ ಇದ್ದುದರಿಂದ ಶನಿವಾರ ಶನಿವಾರ ಶೂಟಿಂಗು. ಕಥೆ, ಬೀದಿಯಲ್ಲಿ ಕಂಡ ಅಪರಿಚಿತರ ಹಿಂದೆ ಸುಮ್ಮನೆ ನಡೆದುಹೋಗುವ ಒಬ್ಬನದು. ಬಸ್ಸಿನಲ್ಲಿ ಎದುರಿಗೆ ಕೂತವರನ್ನು ನೋಡಿ 'ಇವರು ಎಲ್ಲಿಗೆ ಹೋಗ್ತಿರಬಹುದು' ಅಂತ ಒಮ್ಮೆಯಾದರೂ ಯೋಚಿಸಿದವರೆಲ್ಲ ಅದರ ಪ್ರೇಕ್ಷಕರೇ.

'ಹಾಗೆ ಕಿರಿದು ಮಾಡಿಕೊಂಡರೆ ನೋಡುವವರು ಕಡಿಮೆಯಾಗುವುದಿಲ್ಲವೇ?' ಅಂತ ನಿರ್ದೇಶಕರ ಆತಂಕ. ಪುಣೆಯ ಎಫ್‌ಟಿಐಐನಲ್ಲಿ ಓದುತ್ತಿದ್ದ ಕನ್ನಡಿಗ ಚಿದಾನಂದ ಎಸ್. ನಾಯ್ಕ್ ತೆಗೆದ ಹದಿನಾರು ನಿಮಿಷದ ಕನ್ನಡ ಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಗೊತ್ತಲ್ಲ? ಒಬ್ಬ ಅಜ್ಜಿ ಊರಿನ ಹುಂಜ ಕದ್ದಳು, ಊರಿಗೆ ಬೆಳಗೇ ಆಗದೆ ಹೋಯಿತು ಅನ್ನುವ ಜಾನಪದ ಕಥೆ ಅದರ ಮೂಲ. ಥ್ರಿಲ್ಲರ್ ಅಂತ ಅದಕ್ಕೆ ಯಾರೂ ಚೀಟಿ ಅಂಟಿಸಿಲ್ಲ, ಆದರೂ 'ಹುಂಜ ಎಲ್ಲಿ?' ಅನ್ನುವ ಕುತೂಹಲಕ್ಕೆ ಯಾವ ಚಾಕುವೂ ಬೇಕಾಗಿಲ್ಲ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದವರಿಗೆ ಹೇಳಿದ ಹಾಗಿರುವ ಆ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ತಂದಿತು. ಎಂಟರಿಂದ ಎಂಬತ್ತರವರೆಗೆ ಅಂತ ಫಾರಂನಲ್ಲಿ ಬರೆದದ್ದಕ್ಕೆ ಕಾನ್‌ನಲ್ಲಿ ಯಾರೂ ಬಹುಮಾನ ಕೊಟ್ಟ ಹಾಗೆ ಕಾಣೆ.

ಇಷ್ಟೆಲ್ಲ ಪುರಾಣ ಕೇಳಿದ ಮೇಲೆ ನಿರ್ದೇಶಕರು ಫಾರಂ ತಿದ್ದಿದರು: 'ಮನೆ ಬಿಟ್ಟು ಪಿಜಿಯಲ್ಲಿರುವ ಹುಡುಗಿಯರು, ರೂಮ್‌ಮೇಟ್ ಊರಿಗೆ ಹೋದ ದಿನ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೆ, ಯಾರು ಅಂತ ಕೇಳುವ ಮೊದಲು ಫೋನ್ ಸೈಲೆಂಟ್ ಮಾಡುವವರು.' ಖಾನೆ ತುಂಬಿದ್ದೇ ತಡ, ಕಥೆಯೂ ದಾರಿಗೆ ಬಂತು. ಹೂಡಿ ಹೋಯಿತು. ಸರಿಯಾಗಿ ಕೂರದ ಚಿಲಕ ಬಂತು, ಕಾರಿಡಾರಿನ ಕೊನೆಯ ಕಾಮನ್ ಬಾತ್‌ರೂಮ್ ಬಂತು, ಇನ್ನೊಂದು ಕೀ ಇಟ್ಟುಕೊಂಡಿರುವ ಪಿಜಿ ಓನರ್ ಬಂದರು. ತಾತನನ್ನು ಮಾತ್ರ ಪ್ರೇಕ್ಷಕರ ಪಟ್ಟಿಯಿಂದ ಕೈಬಿಡಲಾಯಿತು. ಅವರಿಗೆ ಓನರ್ ಪಾತ್ರ ಕೊಟ್ಟಿದ್ದಾರಂತೆ.

ಕೊನೆಗೆ ನಿಮಗೊಂದು ಮಾತು. ನಿಮ್ಮ ಮನೆಯ, ಬೀದಿಯ ಮಕ್ಕಳು ಲಿಂಕ್ ಕಳಿಸಿ 'ನೋಡಿ ಹೇಳಿ' ಅಂದಾಗ ನೋಡದೆಯೇ ಹೆಬ್ಬೆರಳು ಎತ್ತಬೇಡಿ. 'ಮೂರನೇ ನಿಮಿಷದಲ್ಲಿ ಬೇಜಾರಾಯ್ತು, ಐದನೇ ನಿಮಿಷಕ್ಕೆ ಕೊಲೆಗಾರ ಗೊತ್ತಾದ' ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಎರಡು ದಿನ ಮುಖ ಊದಿಸಿಕೊಳ್ಳುತ್ತಾರೆ, ಊದಿಸಿಕೊಳ್ಳಲಿ. 'ಸೂಪರ್ ಮಗಾ' ಅನ್ನಲು ಅವರ ಬಳಿ ಬೇಕಾದಷ್ಟು ಜನ ಇದ್ದಾರೆ, ಪ್ರೇಕ್ಷಕರೇ ಇಲ್ಲದಿರುವುದು.